ಒಂಬತ್ತು ಪಾದ ಉದ್ದ, ಐದು ಪಾದ ಅಗಲ

ಹಿಮ್ಮಡಿಗೆ ಬಿದಿರುಕಡ್ಡಿಯ ಒಂದು ತುದಿ ಹಚ್ಚಿ, ಹೆಬ್ಬೆರಳಿನ ತುದಿಗೆ ಸರಿಯಾಗಿ ಉಗುರಿನಿಂದ ಗುರುತು ಮಾಡಿ, ಗುದ್ಲೆಪ್ಪ ಮಾಸ್ತರರು ಕಡ್ಡಿಯನ್ನು ಪಟಕ್ಕನೆ ಮುರಿದರು. ಹಾನಗಲ್ಲಿನ ತಮ್ಮ ಮಂದಿಯಲ್ಲಿ ಯಾರು ತೀರಿಕೊಂಡರೂ ಹೂಳುವ ಕುಣಿಯ ಅಳತೆ ತೆಗೆಯುವುದು ಇಪ್ಪತ್ತು ವರ್ಷದಿಂದ ಅವರ ಕೆಲಸ. ಸತ್ತವರ ಪಾದದಿಂದಲೇ ಅಳೆಯಬೇಕು: ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಲೆಕ್ಕದಲ್ಲಿ ಗುದ್ಲೆಪ್ಪ ಮಾಸ್ತರರ ಕೈ ತಪ್ಪುವುದಿಲ್ಲ ಎಂದು ಊರು ನಂಬಿತ್ತು. ಊರಿಗಿಂತ ಗಟ್ಟಿಯಾಗಿ ಅವರೇ ನಂಬಿದ್ದರು.

ಇವತ್ತಿನ ಪಾದ ಮಹಾಲಿಂಗಪ್ಪ ಮಾಸ್ತರರದು. ಹನ್ನೆರಡು ವರ್ಷ ಒಂದೇ ಶಾಲೆಯಲ್ಲಿ ಗುದ್ಲೆಪ್ಪನವರ ಪಕ್ಕದ ಕೋಣೆಯಲ್ಲಿ ಬೀಜಗಣಿತ ಕಲಿಸಿದ ಮನುಷ್ಯ. ನಾಲ್ಕು ದಿನದ ಜ್ವರಕ್ಕೆ ಐವತ್ತೊಂದನೆಯ ವಯಸ್ಸಿನಲ್ಲಿ ಹೋಗಿಬಿಟ್ಟಿದ್ದರು. ಈಗ ಹಣೆ ತುಂಬ ವಿಭೂತಿ ಬಳಿಸಿಕೊಂಡು, ಗೋಡೆಗೆ ಆತು, ಕಾಲು ಮಡಚಿ ಕುಳಿತಿದ್ದರು. ಬಲಪಾದ ಮಾತ್ರ ಧೋತರದ ಹೊರಗಿತ್ತು.

"ಅಳತಿ ಆತೇನ್ರಿ ಮಾಸ್ತರ್ರ?" ಎಂದು ಮಹಾಲಿಂಗಪ್ಪನವರ ಹೆಂಡತಿ ವೀರವ್ವ ಕೇಳಿದಳು.

"ಆತು ತಂಗಿ," ಎಂದು ಗುದ್ಲೆಪ್ಪನವರು ಕಡ್ಡಿ ಹಿಡಿದು ಹಿತ್ತಲಿಗೆ ಬಂದರು.

ಎಂಥ ಸಣ್ಣ ಪಾದ! ಇಷ್ಟು ಸಣ್ಣ ಪಾದದಲ್ಲಿ ಈ ಮನುಷ್ಯ ಊರನ್ನೆಲ್ಲ ಹೇಗೆ ಸುತ್ತಿದ? ಹಿತ್ತಲಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಗುದ್ಲೆಪ್ಪನವರು ಚಪ್ಪಲಿ ಬಿಟ್ಟು, ಕಡ್ಡಿಯನ್ನು ತಮ್ಮ ಅಂಗಾಲಿಗೆ ಹಿಡಿದರು. ಅದು ಎರಡು ಬೆರಳು ಕಡಿಮೆ ಬಿತ್ತು. ಹೆಣ ಇನ್ನೂ ಮನೆಯೊಳಗೆ ಇರುವಾಗ ಖುಷಿಪಡುವಂಥ ವಿಷಯ ಇದಲ್ಲ, ಆದರೆ ಅವರಿಗೆ ಖುಷಿಯಾಯಿತು. ಖಾತ್ರಿ ಮಾಡಿಕೊಳ್ಳಲೆಂದು ಇನ್ನೊಂದು ಬಿದಿರುಕಡ್ಡಿ ತೆಗೆದುಕೊಂಡು ತಮ್ಮ ಪಾದದ ಅಳತೆಗೂ ಮುರಿದರು. ಎರಡನ್ನೂ ಜೋಡಿಸಿ ಹಿಡಿದರು. ಪೂರ್ತಿ ಎರಡು ಬೆರಳು!

ಅಷ್ಟರಲ್ಲಿ ಮನೆಯ ಮುಂದಿನ ಓಣಿಯಲ್ಲಿ ಮೋಟಾರು ಬಂದು ನಿಂತ ಸದ್ದಾಯಿತು. ಗುದ್ಲೆಪ್ಪನವರು ಎರಡೂ ಕಡ್ಡಿಯನ್ನು ಕೋಟಿನ ಕಿಸೆಗೆ ಹಾಕಿಕೊಂಡು ಓಡೋಡಿ ಬಂದರು. ಸವಣೂರಿನಿಂದ ಶಿಗ್ಗಾವಿ ಮೇಲೆ ಬರುವ ಮೋಟಾರು. ಎಂದಿನಂತೆ ಬಸವಣ್ಣನ ಗುಡಿಯ ಹತ್ತಿರ ನಿಲ್ಲದೆ ನೇರವಾಗಿ ಸತ್ತವರ ಮನೆಯ ಮುಂದೆ ನಿಂತಿತ್ತು. ಸವಣೂರಿನವರು, ಹತ್ತಿಮತ್ತೂರಿನವರು, ಶಿಗ್ಗಾವಿಯವರು ಒಬ್ಬರ ಹಿಂದೊಬ್ಬರು ಇಳಿದೇ ಇಳಿದರು. ಎಲ್ಲರೂ ಒಂದು ಕಾಲಕ್ಕೆ ಹಾನಗಲ್ಲಿನಲ್ಲಿದ್ದು ಮಹಾಲಿಂಗಪ್ಪನವರ ಹತ್ತಿರ ಕಲಿತವರು. ಇಪ್ಪತ್ತೇಳು ಜನ. ಎಣಿಸಬಾರದೆಂದರೂ ಗುದ್ಲೆಪ್ಪನವರ ತಲೆ ಎಣಿಸಿಬಿಟ್ಟಿತು.

ಇಪ್ಪತ್ತೆಂಟನೆಯವಳಾಗಿ ಅವರ ಸ್ವಂತ ಮಗಳು ಸರೋಜವ್ವ ಇಳಿದಳು.

ಶಿಗ್ಗಾವಿಗೆ ಕೊಟ್ಟ ಮಗಳು. ಹಬ್ಬಕ್ಕೊಮ್ಮೆ ಬಂದು ಒಂದು ರಾತ್ರಿ ಇದ್ದು ಹೋಗುವವಳು. ತವರಿನ ಹೊಸ್ತಿಲು ತುಳಿಯದೆ, ಕೈಯಲ್ಲಿ ಚೀಲ ಹಿಡಿದುಕೊಂಡೇ ಇಲ್ಲಿಗೆ ಬಂದಿದ್ದಳು. ಅಪ್ಪನನ್ನು ನೋಡಿದಳು, ತಲೆಯಾಡಿಸಿದಳು, ಒಳಗೆ ಹೋಗಿ ವೀರವ್ವನ ಕೊರಳಿಗೆ ಬಿದ್ದು ಹೋ ಎಂದು ಅತ್ತಳು. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಗುದ್ಲೆಪ್ಪನವರು ಬಾಗಿಲಲ್ಲೇ ನಿಂತು ನೋಡಿದರು. ನಾಳೆ ನಾನು ಸತ್ತರೆ ಇವಳು ಇಷ್ಟು ಅಳುತ್ತಾಳೆಯೇ?

"ಮಾಸ್ತರ್ರ, ಅಳತಿ ಕಡ್ಡಿ ಕೊಡ್ರಿ. ಕುಣಿ ತೋಡಾಕ ಹೊತ್ತಾಗತೈತಿ," ಎಂದು ಗೌಂಡಿ ಉಡಚಪ್ಪ ಬಂದು ಕೈಯೊಡ್ಡಿದ. ಕೇರಿಯಿಂದ ಮೊದಲು ಏಳನೆಯ ಇಯತ್ತೆ ಮುಟ್ಟಿದವನು ಅವನು. ಮಾಸ್ತರರ ಕುಣಿ ನಾನೇ ತೋಡುತ್ತೇನೆಂದು ಹಟ ಹಿಡಿದು ಬಂದಿದ್ದ.

ಮಗಳ ಬೆನ್ನಿನಿಂದ ಕಣ್ಣು ತೆಗೆಯದೆ ಗುದ್ಲೆಪ್ಪನವರು ಕಿಸೆಯಲ್ಲಿ ಕೈಗೆ ಸಿಕ್ಕ ಕಡ್ಡಿಯನ್ನು ತೆಗೆದು ಕೊಟ್ಟರು.

*

ಮಹಾಲಿಂಗಪ್ಪ ಮಾಸ್ತರರು ಹಿರೇಕೆರೂರ ಕಡೆಯ ಚಿಕ್ಕೇರೂರಿನವರು. ಸಾವಿರದ ಒಂಬೈನೂರ ಮೂವತ್ನಾಲ್ಕರಲ್ಲಿ ಹಾನಗಲ್ಲಿಗೆ ಬದಲಿಯಾಗಿ ಬಂದಾಗ ಒಂದು ಟ್ರಂಕು, ಒಬ್ಬಳು ಹೆಂಡತಿ, ಒಂದು ಬೀಜಗಣಿತದ ಪುಸ್ತಕ ತಂದಿದ್ದರು. ಮಕ್ಕಳಿರಲಿಲ್ಲ, ಆಮೇಲೂ ಆಗಲಿಲ್ಲ.

ಅಲ್ಲಿಯವರೆಗೆ ಹಾನಗಲ್ಲಿನಲ್ಲಿ ಲೆಕ್ಕವೆಂದರೆ ಗುದ್ಲೆಪ್ಪ ಮಾಸ್ತರರು. ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ, ಎಲ್ಲ ಬಾಯಲ್ಲೇ. ಸಂತೆಯ ದಿನ ಅವರು ಹಾದು ಹೋಗುವಾಗ ವ್ಯಾಪಾರಸ್ಥರು ತಕ್ಕಡಿ ಹಿಡಿದುಕೊಂಡೇ "ಮಾಸ್ತರ್ರ, ಸೇರಿಗೆ ಮೂರಾಣೆ, ಏಳೂ ಮುಕ್ಕಾಲು ಸೇರಿಗೆ ಎಷ್ಟ ಆತು?" ಎಂದು ಕೂಗುತ್ತಿದ್ದರು. ಅವರು ನಡಿಗೆ ನಿಲ್ಲಿಸದೆ ಉತ್ತರ ಹೇಳಿ ಮುಂದೆ ಹೋಗುತ್ತಿದ್ದರು. ಆ ನಡಿಗೆಯನ್ನು ನೋಡಬೇಕಿತ್ತು, ಮದುಮಗನ ನಡಿಗೆ!

ಬೀಜಗಣಿತ ಬಂದ ಮೊದಲ ವಾರವೇ ಗುದ್ಲೆಪ್ಪನವರು ಹೆಡ್ ಮಾಸ್ತರರ ಎದುರಿಗೆ ಕೇಳಿದರು: "ಅ ಕೂಡ ಬ ಅಂದ್ರ ಎಷ್ಟ್ರಿ ಮಾಸ್ತರ್ರ? ಸೇರಿನಾಗ ಹೇಳ್ರಿ, ಇಲ್ಲಾ ಮಳದಾಗ ಹೇಳ್ರಿ."

ಮಹಾಲಿಂಗಪ್ಪನವರು ನಕ್ಕರು. "ಗೊತ್ತಿಲ್ರಿ. ಗೊತ್ತಿಲ್ಲಂತನ ಅ ಅಂದೇನಿ."

"ಗೊತ್ತಿಲ್ಲದ್ದನ್ನ ಕಲಸಾಕ ಸರಕಾರ ಪಗಾರ ಕೊಡ್ತೈತೇನು?"

ಎಲ್ಲರೂ ನಕ್ಕರು. ಆ ದಿನ ಗೆದ್ದವರು ಗುದ್ಲೆಪ್ಪನವರು.

ಆದರೆ ಮಹಾಲಿಂಗಪ್ಪನವರಿಗೆ ಇನ್ನೊಂದು ಹುಚ್ಚಿತ್ತು. ದಿನಕ್ಕೆ ಐದು ಲೆಕ್ಕ ಮನೆಗೆ ಕೊಡುತ್ತಿದ್ದರು. ಹುಡುಗರು ಅದಕ್ಕೆ ಮನೆಲೆಕ್ಕ ಎಂದು ಹೆಸರಿಟ್ಟರು. ಹಾನಗಲ್ಲಿಗೆ ಅದು ಹೊಸದು. ಶಾಲೆ ಬಿಟ್ಟ ಮೇಲೆ ದನ ಕಟ್ಟುವುದು, ನೀರು ಸೇದುವುದು, ಮೇವು ಹಾಕುವುದು ಬಿಟ್ಟು ಇದೆಂಥ ಪೀಡೆ ಎಂದು ಅಪ್ಪಂದಿರು ಗುದ್ಲೆಪ್ಪನವರ ಹತ್ತಿರ ದೂರು ತಂದರು. ಗುದ್ಲೆಪ್ಪನವರು ಬೆಂಕಿಗೆ ತುಪ್ಪ ಸುರಿದರು. "ನಾ ಕಲಿಸಿದ್ದು ಸಾಲ್ಯಾಗ ಮುಗೀತೈತಿ. ಕಲಸಾಕ ಬರದವರು ಮನಿಗೆ ಹೊರಿಸಿ ಕಳಸ್ತಾರ," ಎಂದು ಸಿಕ್ಕ ಸಿಕ್ಕವರಿಗೆ ಹೇಳಿದರು.

ದೂರು ಮಹಾಲಿಂಗಪ್ಪನವರ ಕಿವಿಗೂ ಬಿತ್ತು. ಅವರು ಜಗಳಕ್ಕೆ ಬರಲಿಲ್ಲ. ಮನೆಲೆಕ್ಕ ಕೊಟ್ಟವನು ನಾನು, ಮನೆಗೆ ಬಂದು ನೋಡುವುದೂ ನನ್ನ ಕೆಲಸ ಎಂದು ದಿನಾ ಸಂಜೆ ಒಂದೊಂದು ಓಣಿಗೆ ಹೊರಟರು. ಹುಡುಗ ಲೆಕ್ಕ ಮುಗಿಸುವ ತನಕ ತಾವು ಕರು ಹಿಡಿದು ನಿಂತರು, ಹಗ್ಗ ಹೊಸೆದರು, ಸೇಂಗಾ ಸುಲಿದರು. ಸಾಬರ ಓಣಿ, ಕೇರಿ, ಎಲ್ಲ ಕಡೆಗೂ ಹೋದರು, ಕಟ್ಟೆಯ ಮೇಲೆ ಕುಳಿತು ಕೊಟ್ಟ ನೀರು ಕುಡಿದರು. ಮೊದಲು ಬೈದ ಮನೆಗಳಲ್ಲಿ ಆಮೇಲೆ ಅವರಿಗೆಂದೇ ಚಾಪೆ ಹಾಸಿಡುತ್ತಿದ್ದರು.

ಗುದ್ಲೆಪ್ಪ ಮಾಸ್ತರರಿಗೆ ಯಾರೂ ಚಾಪೆ ಹಾಸಿರಲಿಲ್ಲ. ಅವರು ಯಾರ ಮನೆಗೂ ಹೋಗಿರಲಿಲ್ಲ ಎನ್ನುವುದು ಬೇರೆ ಮಾತು.

*

ಹೆಣವನ್ನು ಕೂರಿಸಿ ಹೊರುವ ವಿಮಾನ ಕಟ್ಟುವ ಕೆಲಸ ನಡೆದಿತ್ತು. ಬಾಳೆಯ ದಿಂಡು, ಚೆಂಡುಹೂವು, ಬಣ್ಣದ ಕಾಗದ. ಗುದ್ಲೆಪ್ಪನವರು ಎದುರು ಮನೆಯ ಕಟ್ಟೆಯ ಮೇಲೆ, ಮೋಟಾರಿನ ಡ್ರೈವರ ಕರೀಮಸಾಬನ ಪಕ್ಕ ಕುಳಿತರು. ಕರೀಮಸಾಬ ಇದೇ ಊರಲ್ಲಿ ಹುಟ್ಟಿ ಬೆಳೆದು ಇಬ್ಬರ ಹತ್ತಿರವೂ ಕಲಿತವನು.

ಗುದ್ಲೆಪ್ಪನವರಿಗೆ ಇವತ್ತು ಒಂದು ಮಾತು ಬೇಕಿತ್ತು. ಒಬ್ಬರಾದರೂ ಬೀಜಗಣಿತ ಸುಡುಗಾಡಿಗೂ ಉಪಯೋಗವಿಲ್ಲ ಎನ್ನಬೇಕು. ಅದೂ ಒಳಗೆ ಕುಳಿತ ಮಗಳ ಕಿವಿಗೆ ಬೀಳುವ ಹಾಗೆ ಅನ್ನಬೇಕು.

"ಕರೀಮಸಾಬ, ಖರೇ ಹೇಳು," ಎಂದು ದನಿ ಏರಿಸಿ ಕೇಳಿದರು. "ಆ ಬೀಜಗಣಿತ ನಿನ್ನ ಮೋಟಾರಿಗೆ ಯಾತಕ್ಕ ಬಂತು?"

"ಯಾತಕ್ಕೂ ಬರ್ಲಿಲ್ರಿ ಮಾಸ್ತರ್ರ," ಎಂದ ಕರೀಮಸಾಬ, ಸ್ವಲ್ಪವೂ ಯೋಚಿಸದೆ. "ಅ ಇಲ್ಲ, ಬ ಇಲ್ಲ, ಒಂದೂ ನೆನಪಿಲ್ಲ. ನೀವು ಕಲಿಸಿದ ಮುಕ್ಕಾಲಿನ ಮಗ್ಗಿ ನೋಡ್ರಿ, ಅದು ದಿನಾ ಬೇಕಾಗತೈತಿ. ಟಿಕೀಟಿನ ಲೆಕ್ಕಕ್ಕ ಅದ ನಡೀತೈತಿ."

ಗುದ್ಲೆಪ್ಪನವರ ಎದೆ ಅರಳಿತು. ಪಕ್ಕದಲ್ಲಿದ್ದ ಹತ್ತಿಮತ್ತೂರಿನ ಶಂಕ್ರಪ್ಪನೂ ಹೌದೆಂದ. "ಒಕ್ಕಲುತನದಾಗ ಬೀಜ ಅಂದ್ರ ಬಿತ್ತೋ ಬೀಜ ಒಂದ ಗೊತ್ರಿ ನಮಗ."

"ಮತ್ತ? ಉಪಯೋಗಿಲ್ಲ ಅಂದ ಮ್ಯಾಲೆ ಕೆಲಸ ಬಿಟ್ಟು ಇಷ್ಟು ಮಂದಿ ಯಾಕ ಬಂದೀರಿ?" ಇದನ್ನು ಗುದ್ಲೆಪ್ಪನವರು ಕೇಳಬಾರದಿತ್ತು. ಆದರೆ ಬಾಯಿಂದ ಜಾರಿಹೋಯಿತು.

ಕರೀಮಸಾಬ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಮಾಸ್ತರು ಊರಿಗೆ ಬಂದ ವರ್ಷ ನಮ್ಮಪ್ಪ ತೀರಿಕೊಂಡಿದ್ದ್ರಿ. ನಮ್ಮವ್ವ ಬಾಗಲಾ ಹಾಕ್ಕೊಂಡು ಕುಂತಬಿಡ್ತಿದ್ಲು. ಸಂಜಿಮುಂದ ಮನಿಗೆ ಬರೋ ಗಂಡಸು ಅಂದ್ರ ಮಾಸ್ತರೊಬ್ಬರ. ಕಟ್ಟಿಮ್ಯಾಲೆ ಕುಂತು, ಲೆಕ್ಕ ತಪ್ಪಾಗೇತಿ, ನಾಳಿ ಬಂದು ಮತ್ತ ನೋಡ್ತೇನಿ ಅಂತಿದ್ರು. ನಾಳಿ ಬರ್ಲಿ ಅಂತ ನಾ ಬೇಕಂತನ ತಪ್ಪ ಮಾಡ್ತಿದ್ದೆ."

ಶಂಕ್ರಪ್ಪ ನಕ್ಕ. "ನೀನೂ ಹಂಗ ಮಾಡ್ತಿದ್ಯೇನು? ನಾ ಒಬ್ಬನ ಅಂತ ತಿಳಿದಿದ್ದೆ."

ಇಬ್ಬರೂ ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಗುದ್ಲೆಪ್ಪ ಮಾಸ್ತರರ ಹತ್ತಿರ ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಹುಡುಗನೂ ಬೇಕೆಂದು ತಪ್ಪು ಮಾಡಿರಲಿಲ್ಲ. ತಪ್ಪು ಮಾಡಿದರೆ ಬೆತ್ತ ಬೀಳುತ್ತಿತ್ತು. ಅವರು ಎದ್ದು ದೂರ ಹೋಗಿ ನಿಂತರು. ಬೇಕಾದ ಮಾತು ಸಿಕ್ಕಿತ್ತು, ಆದರೆ ಬಾಯಿ ಕಹಿಯಾಗಿತ್ತು.

*

ಮಹಾಲಿಂಗಪ್ಪನವರು ಊರಿಗೆ ಬಂದ ವರ್ಷ ಸರೋಜವ್ವನಿಗೆ ಹದಿಮೂರು. ನಂಟಸ್ತನ ಗೊತ್ತಾಗಿ ಶಾಲೆ ಬಿಡಿಸಿದ್ದರು. ದಿನಾ ಮಜ್ಜಿಗೆ ತರುತ್ತೇನೆಂದು ವೀರವ್ವನ ಮನೆಗೆ ಹೋಗುತ್ತಿದ್ದಳು. ಮಜ್ಜಿಗೆಯ ಗಡಿಗೆಯ ಜೊತೆಗೆ ಮಹಾಲಿಂಗಪ್ಪನವರು ಬರೆದುಕೊಟ್ಟ ಐದು ಲೆಕ್ಕದ ವಹಿಯನ್ನೂ ಸೆರಗಿನಲ್ಲಿ ತರುತ್ತಿದ್ದಾಳೆಂದು ಗುದ್ಲೆಪ್ಪನವರಿಗೆ ಗೊತ್ತಿರಲಿಲ್ಲ. ಒಂದು ಸಂಜೆ ಅವಳೇ ವಹಿ ತಂದು ಅವರ ಮುಂದಿಟ್ಟಳು.

"ಅಪ್ಪಾ, ನಾಕು ಬಂದುವು. ಇದೊಂದು ಬರವಲ್ದು. ಹೇಳಿಕೊಡು."

ಕದ್ದು ಕಲಿತದ್ದಕ್ಕೆ ಸಿಟ್ಟು ಬರಬೇಕಿತ್ತು. ಅದಕ್ಕಿಂತ ಮೊದಲು ಗುದ್ಲೆಪ್ಪನವರಿಗೆ ಹಿಗ್ಗು ಬಂದಿತ್ತು. ಬೀಜಗಣಿತದಲ್ಲಿ ತೊಡಕಾದಾಗ ಮಗಳು ಆ ಮಾಸ್ತರನನ್ನು ಬಿಟ್ಟು ಅಪ್ಪನ ಹತ್ತಿರ ಬಂದಳಲ್ಲ! ವಹಿ ತೆಗೆದುಕೊಂಡು ನೋಡಿದರು. ಅದರಲ್ಲಿ ಒಂದೂ ಅಂಕಿ ಇರಲಿಲ್ಲ. ಬರೀ ಅಕ್ಷರ, ಕಂಸ, ಮತ್ತೆ ಅಕ್ಷರ.

"ಅ ಅಂದ್ರ ಎಷ್ಟು?"

"ಎಷ್ಟ ಬೇಕಾದ್ರೂ ಇರಬಹುದಂತ, ಅಪ್ಪಾ."

"ಎಷ್ಟ ಬೇಕಾದ್ರೂ ಅಂದ್ರ ಹೆಂಗ? ಹತ್ತೋ, ನೂರೋ?"

"ಯಾವುದಿದ್ರೂ ಉತ್ತರ ಒಂದ ಬರಬೇಕಂತ."

ಗುದ್ಲೆಪ್ಪನವರು ಹತ್ತು ಹಾಕಿ ನೋಡಿದರು, ನೂರು ಹಾಕಿ ನೋಡಿದರು, ಕಣ್ಣು ಮುಚ್ಚಿ ಬಾಯಲ್ಲಿ ಗುಣಿಸಿದರು. ಸಂತೆಯಲ್ಲಿ ನಡೆಯುತ್ತ ನಡೆಯುತ್ತ ಬರುವ ಉತ್ತರ ಪಡಸಾಲೆಯಲ್ಲಿ ಕುಳಿತರೂ ಬರಲಿಲ್ಲ. ಮಗಳು ಎದುರಿಗೆ ಮೊಣಕಾಲು ಊರಿ, ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಅಪ್ಪನಿಗೆ ಬಾರದ ಲೆಕ್ಕವೇ ಇಲ್ಲ ಎಂದು ನಂಬಿದ್ದ ಮುಖ ಅದು. ಆ ಮುಖದ ಮುಂದೆ ತಮಗೆ ಬರುವುದಿಲ್ಲ ಎನ್ನುವುದಕ್ಕಿಂತ ಸಾಯುವುದು ವಾಸಿ ಅನ್ನಿಸಿತು.

ಅವರು ಎದ್ದು ಹೋಗಿ ವಹಿಯನ್ನು ಬಚ್ಚಲ ಒಲೆಗೆ ಹಾಕಿದರು. "ಹೆಣ್ಣುಮಗಳಿಗೆ ಇದರಿಂದ ಏನ ಉಪಯೋಗ? ನಾಳೆ ಗಂಡನ ಮನ್ಯಾಗ ರೊಟ್ಟಿ ಬಡಿಯಾಕ ಅ ಬ ಬೇಕೇನು?" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ಹೆಂಡತಿ ಹಾಲವ್ವ ಗಾಬರಿಯಾಗಿ ಒಳಗಿನಿಂದ ಬಂದಳು. ಸರೋಜವ್ವ ಅಳಲಿಲ್ಲ. ಅಂದಿನಿಂದ ಅಪ್ಪನನ್ನು ಏನನ್ನೂ ಕೇಳಲಿಲ್ಲ. ಮೂರು ತಿಂಗಳಿಗೆ ಮದುವೆಯಾಗಿ ಶಿಗ್ಗಾವಿಗೆ ಹೋದಳು.

*

ಮಧ್ಯಾಹ್ನ ವಿಮಾನ ಎದ್ದಿತು. ಮುಂದೆ ಭಜನೆಯವರು, ನಡುವೆ ಕುಳಿತುಕೊಂಡೇ ಹೊರಟ ಮಹಾಲಿಂಗಪ್ಪ ಮಾಸ್ತರರು, ಹಿಂದೆ ಜನ. ತಿಳವಳ್ಳಿಯ ಕಡೆಯವರೂ ಬಂದು ಸೇರಿಕೊಂಡಿದ್ದರು. ಸಾಲಿಗೆ ನಾಲ್ಕು, ಎಂಬತ್ತೈದು ಸಾಲು, ಮುನ್ನೂರ ನಲವತ್ತು ಜನ. ನನ್ನ ಹಿಂದೆ ಎಷ್ಟು ಬಂದಾರು? ನೆಂಟರು, ಓಣಿಯವರು, ಶಾಲೆಯವರು ಎಂದು ಗುದ್ಲೆಪ್ಪನವರು ಎಷ್ಟು ಧಾರಾಳವಾಗಿ ಕೂಡಿಸಿದರೂ ನಲವತ್ತು ದಾಟಲಿಲ್ಲ.

ಕುಣಿಯ ಹತ್ತಿರ ವಿಮಾನ ಇಳಿಸಿದಾಗ ಉಡಚಪ್ಪ ಇನ್ನೂ ಕುಣಿಯೊಳಗೇ ನಿಂತಿದ್ದ. ಕೈಯಲ್ಲಿ ಅಳತೆಯ ಕಡ್ಡಿ ಇತ್ತು.

"ಅಯ್ಯನವರ, ಒಂದ ಮಾತೈತ್ರಿ," ಎಂದು ಅವನು ವಿಧಿ ಮಾಡಿಸಲು ಬಂದಿದ್ದ ಅಯ್ಯನವರಿಗೆ ಹೇಳಿದ. "ಈ ಕುಣಿ ನಮ್ಮ ಮಾಸ್ತರದಲ್ರಿ."

ಭಜನೆ ನಿಂತಿತು.

"ಮಾಸ್ತರು ಬಂದಾಗೊಮ್ಮೆ ಚಪ್ಪಲಿ ನಮ್ಮ ಕಟ್ಟಿ ಮುಂದ ಬಿಡ್ತಿದ್ರು. ಅದನ್ನ ಎತ್ತಿ ನೆರಳಿಗಿಡೋದು ನನ್ನ ಕೆಲಸ. ಚಪ್ಪಲಿ ಸುದ್ದಾ ಇಷ್ಟ ಉದ್ದ ಇರಲಿಲ್ರಿ. ಪಾದ ಹೆಂಗ ಇಷ್ಟಾದೀತು? ತೋಡಿ ಮುಗಿಸೂತನಕ ನನಗೂ ತಿಳೀಲಿಲ್ಲ, ದುಃಖದಾಗ."

ಗುದ್ಲೆಪ್ಪನವರ ಕೈ ತಾನಾಗಿ ಕಿಸೆಗೆ ಹೋಯಿತು. ಉಳಿದ ಕಡ್ಡಿಯನ್ನು ಬೆರಳಿನಿಂದ ಮುಟ್ಟಿದರು. ಸಣ್ಣದು. ಒಂಬತ್ತೆರಡ್ಲೆ ಹದಿನೆಂಟು, ಐದೆರಡ್ಲೆ ಹತ್ತು. ಹದಿನೆಂಟು ಬೆರಳು ಉದ್ದ ಹೆಚ್ಚು, ಹತ್ತು ಬೆರಳು ಅಗಲ ಹೆಚ್ಚು. ಅಂಥ ಹೊತ್ತಿನಲ್ಲೂ ಮಗ್ಗಿ ತಪ್ಪಲಿಲ್ಲ.

"ಬೇರೆದವರ ಪಾದದ ಕುಣ್ಯಾಗ ಇವರನ್ನ ಇಡಾಕ ಬರಾಂಗಿಲ್ಲ," ಎಂದರು ಅಯ್ಯನವರು. "ಬದುಕಿದ್ದವನ ಪಾದ ಆಗಿದ್ರ ಆ ಕುಣಿ ಅವನ್ನ ಕರೀತೈತಿ. ಯಾರ ಪಾದ ಇದು? ಅವರ ಬಾಯಿಲೆ ಹೇಳಬೇಕು, ಹೆಚ್ಚಾದ ಜಾಗ ಅವರ ಕೈಯಿಲೆ ತುಂಬಬೇಕು. ಅಂದ್ರ ದೋಷ ಹೋಗತೈತಿ."

ಮುನ್ನೂರ ನಲವತ್ತು ಜನ ಗುದ್ಲೆಪ್ಪನವರ ಕಡೆ ನೋಡಿದರು. ಕಡ್ಡಿ ಅದಲುಬದಲಾಯಿತು, ಮುದಿಗಣ್ಣು ಮಂಜಾಗಿದೆ ಎಂದರೆ ಯಾರೂ ಹೆಚ್ಚು ಕೇಳುತ್ತಿರಲಿಲ್ಲ. ಹಾಗೆ ಹೇಳಲು ಬಾಯಿ ತೆರೆದರು. ಹೆಂಗಸರ ನಡುವೆ ಸರೋಜವ್ವ ನಿಂತಿದ್ದಳು. ಹನ್ನೆರಡು ವರ್ಷದ ಮೇಲೆ ಮತ್ತೆ ಅಪ್ಪನ ಬಾಯನ್ನೇ ನೋಡುತ್ತಿದ್ದಳು.

"ನಂದು," ಎಂದರು ಗುದ್ಲೆಪ್ಪನವರು.

"ನಿಮ್ಮ ಪಾದ ಯಾಕ ಅಳಕೊಂಡ್ರಿ ಮಾಸ್ತರ್ರ?" ಎಂದು ಅಯ್ಯನವರು ಕೇಳಿದರು.

"ಯಾರದು ದೊಡ್ಡದು ಅಂತ ನೋಡಿದೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಕರೀಮಸಾಬ ವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡ. ಮೊದಲು ನಕ್ಕವಳು ವೀರವ್ವ. ಕುಂಕುಮ ಅಳಿಸಿದ ಹಣೆ, ಬಾತ ಕಣ್ಣು, ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಳು. "ಸತ್ತ ಮ್ಯಾಲೂ ನಮ್ಮನ್ನ ಬಿಡಲಿಲ್ಲಲ್ರಿ ಮಾಸ್ತರ್ರ!" ಎಂದಳು. ಎಂದವಳೇ ಮತ್ತೆ ಅತ್ತಳು.

ಗುದ್ಲೆಪ್ಪನವರು ಕೋಟು ಬಿಚ್ಚಿಟ್ಟು ಕುಣಿಗೆ ಇಳಿದರು. ಉಡಚಪ್ಪ ನೀರು ತರಿಸಿ ಮಣ್ಣು ಕಲಸಿ ಉಂಡೆ ಮಾಡಿ ಕೊಟ್ಟ. ಗುದ್ಲೆಪ್ಪನವರು ಒಂದೊಂದೇ ಉಂಡೆಯನ್ನು ಗೋಡೆಗೆ ಬಡಿದು ಕುಣಿಯನ್ನು ಸಣ್ಣದು ಮಾಡಿದರು. ಐವತ್ತೆಂಟರ ಸೊಂಟ ಹಿಡಿದುಕೊಂಡಿತು. ಮಹಾಲಿಂಗಪ್ಪ ಮಾಸ್ತರರು ವಿಮಾನದಲ್ಲಿ ಕುಳಿತು ಕಾಯುತ್ತಿದ್ದರು, ಹುಡುಗ ಲೆಕ್ಕ ಮುಗಿಸುವ ತನಕ ಕಾಯುವ ಹಾಗೆ.

"ಅ ಅಂದ್ರ ಏನಂತ ಮಾಸ್ತರು ಇದರಮ್ಯಾಲೆ ತಿಳಿಸಿ ಹೇಳಿದ್ರು ನೋಡ್ರಿ ನಮಗ," ಎಂದ ಉಡಚಪ್ಪ, ಉಂಡೆ ಕೊಡುತ್ತ.

"ಯಾತರಮ್ಯಾಲೆ?"

"ಕುಣಿಮ್ಯಾಲೆ. 'ಗುದ್ಲೆಪ್ಪ ಮಾಸ್ತರು ಕುಣಿ ಅಳೀತಾರಲ್ಲ, ಯಾರ ಪಾದ ಬರ್ತೈತಂತ ಅವರಿಗೆ ಮೊದಲ ಗೊತ್ತಿರತೈತೇನು? ಗೊತ್ತಿರಾಂಗಿಲ್ಲ. ಆದ್ರೂ ಒಂಬತ್ತು ಪಾದ, ಐದು ಪಾದ ಅಂತ ಗಟ್ಟಿಯಾಗಿ ಹೇಳ್ತಾರ. ಆ ಪಾದಾನ ನಮ್ಮ ಅ. ಹಾನಗಲ್ಲಾಗ ಎಲ್ಲರಿಗಿಂತ ಮೊದಲ ಬೀಜಗಣಿತ ಮಾಡಿದವರು ಅವರು' ಅಂತಿದ್ರು."

ಗುದ್ಲೆಪ್ಪನವರ ಕೈಯಲ್ಲಿದ್ದ ಉಂಡೆ ಹಾಗೇ ಉಳಿಯಿತು. "ನನ್ನ ಹೆಸರು ಹೇಳ್ತಿದ್ರೇನು?"

"ಹೊಸಾ ಹುಡುಗರು ಬಂದಾಗೆಲ್ಲ, ಪ್ರತಿ ವರ್ಷ."

ಹನ್ನೆರಡು ವರ್ಷ ಗೋಡೆಯ ಈಚೆ ಕುಳಿತೂ ಈ ಮಾತು ಒಮ್ಮೆಯೂ ಕಿವಿಗೆ ಬೀಳಲಿಲ್ಲವಲ್ಲ ಎಂದು ಗುದ್ಲೆಪ್ಪನವರಿಗೆ ಸಂಕಟವಾಯಿತು. ತಮ್ಮ ಕೋಣೆಯಲ್ಲಿ ಆಗ ಮಗ್ಗಿಯ ಗದ್ದಲ ನಡೆದಿರುತ್ತಿತ್ತು. ಅವರು ತಲೆ ಎತ್ತದೆ ಕೊನೆಯ ಉಂಡೆ ಬಡಿದು, ಸಣ್ಣ ಕಡ್ಡಿಯಿಂದ ಒಂಬತ್ತು ಸಲ, ಐದು ಸಲ ಅಳೆದು, "ಸರಿಯಾತು, ಇಳಸ್ರಿ," ಎಂದರು.

*

ಎಲ್ಲರೂ ಹಿಡಿ ಮಣ್ಣು, ಬಿಲ್ವಪತ್ರೆ ಹಾಕಿ ಆದ ಮೇಲೆ ಗುದ್ಲೆಪ್ಪನವರು ಕೆರೆಯ ದಂಡೆಗೆ ಹೋಗಿ ಕೈಕಾಲು ತೊಳೆಯುತ್ತಿದ್ದರು. ಸರೋಜವ್ವ ಅವರ ಕೋಟು ಹಿಡಿದುಕೊಂಡು ಬಂದು ಸ್ವಲ್ಪ ದೂರದಲ್ಲಿ ನಿಂತಳು.

"ಸರೂ, ನಿನಗರ ಅದರಿಂದ ಏನ ಉಪಯೋಗಾತು?" ಎಂದು ಅವರು ನೀರಿನ ಕಡೆಗೇ ಮುಖ ಮಾಡಿ ಕೇಳಿದರು. ಈ ಸಲ ದನಿ ಏರಿಸಲಿಲ್ಲ.

"ರೊಟ್ಟಿ ಬಡಿಯಾಕೇನೂ ಆಗಲಿಲ್ಲ. ನೀ ಹೇಳಿದ್ದು ಖರೇ," ಎಂದಳು. ಕೋಟಿಗೆ ಹತ್ತಿದ ಮಣ್ಣು ಕೊಡವುತ್ತ ಹೇಳಿದಳು: "ಗಂಡನ ಮನಿಗೆ ಹೋದಾಗ ಯಾರು ಹೆಂಗ, ಏನೂ ಗೊತ್ತಿರಲಿಲ್ಲ. ಅಂಜಿಕಿ ಬರ್ತಿತ್ತು. ಗೊತ್ತಿಲ್ಲದ್ದಕ್ಕ ಒಂದು ಹೆಸರಿಟ್ಟು ಸಮಾಧಾನಲೆ ಬಿಡಿಸ್ಕೋತ ಹೋಗಬೇಕು, ತಾನ ಗೊತ್ತಾಗತೈತಿ ಅಂತಿದ್ರು ಮಾಸ್ತರು. ಹಂಗ ಮಾಡ್ದೆ. ಅಷ್ಟ."

ಗುದ್ಲೆಪ್ಪನವರು ಉಗುರಿನ ಸಂದಿಯ ಮಣ್ಣು ತೆಗೆಯುತ್ತಿದ್ದರು. ತೆಗೆದಷ್ಟೂ ಇತ್ತು.

"ಅವತ್ತ ಆ ವಹಿ ಸುಟ್ಟಿದ್ದು ಉಪಯೋಗಿಲ್ಲಂತ ಅಲ್ಲವ್ವ," ಎಂದರು. "ನನಗ ಆ ಲೆಕ್ಕ ಬರಲಿಲ್ಲ. ಇವತ್ತಿಗೂ ಬರಾಂಗಿಲ್ಲ."

"ಅವತ್ತ ಹಿಂಗಂದಿದ್ರ ಆಗ್ತಿತ್ತಲ್ಲ ಅಪ್ಪಾ," ಎಂದಳು ಸರೋಜವ್ವ. "ಇಬ್ಬರೂ ಕೂಡಿ ಕಲೀತಿದ್ವಿ."

ಮಗಳು ಕೋಟು ಕೊಟ್ಟಳು, ಅಪ್ಪ ಹಾಕಿಕೊಂಡರು. ಕರೀಮಸಾಬನ ಮೋಟಾರು ದೂರದಲ್ಲಿ ಕೂಗಿತು. ಬೇರೆ ಊರಿನವರು ಹೊರಟರು. ಸರೋಜವ್ವ ಹೊರಡಲಿಲ್ಲ.

"ಮನಿಗೆ ಬರ್ತೀಯೇನು?" ಎಂದು ಗುದ್ಲೆಪ್ಪನವರು ಆಸೆಯಿಂದ ಕೇಳಿದರು.

"ಇವತ್ತ ವೀರವ್ವಕ್ಕನ ಕೂಡ ಇರ್ತೇನಿ. ಒಬ್ಬಾಕಿ ಇದ್ದಾಳ."

ಮತ್ತೆ ಅದೇ ಮನೆ! ಸತ್ತ ಮೇಲೂ ಮಗಳನ್ನು ಎಳೆದುಕೊಳ್ಳುತ್ತಾನಲ್ಲ ಈ ಮನುಷ್ಯ ಎಂದು ಗುದ್ಲೆಪ್ಪನವರಿಗೆ ಹೊಟ್ಟೆಯುರಿ ಎದ್ದಿತು. ಮುಖದ ಮೇಲೂ ಅದು ಕಂಡಿರಬೇಕು. ಸರೋಜವ್ವ ಅವರನ್ನು ಒಂದಿಷ್ಟು ಹೊತ್ತು ನೋಡಿದಳು.

"ಒಂದು ಲೆಕ್ಕ ಕೊಡ್ತೇನಿ, ಬಾಯಿಪಾಠ ಮಾಡ್ಕೊ," ಎಂದಳು. "ಮಾಸ್ತರ ಪಾದ ಅ. ನಿನ್ನ ಪಾದ ಅದಕ್ಕಿಂತ ಬ ಹೆಚ್ಚು. ಉದ್ದ ಅಗಲ ಗುಣಿಸಿದ್ರ, ಅವರ ಕುಣಿ ಬಾಯಿಗಿಂತ ನಿನ್ನ ಕುಣಿ ಬಾಯಿ ಒಟ್ಟ ಎಷ್ಟ ಹೆಚ್ಚಾತು? ಅಂಕಿ ಹಾಕಿ ನೋಡಬಾರದು. ನಾಳಿ ಹತ್ತರ ಮೋಟಾರಿಗೆ ಹೋಗ್ತೇನಿ. ಅದರಕಿಂತ ಮೊದಲ ಮನಿಗೆ ಬಂದು ನೋಡ್ತೇನಿ. ಮಾಡಿಟ್ಟಿರಬೇಕು."

"ತಪ್ಪಾದ್ರ?"

"ತಪ್ಪಾದ್ರ ಮುಂದಿನ ವಾರ ಮತ್ತ ಬರಬೇಕಾಗತೈತಿ," ಎಂದು ಸರೋಜವ್ವ ಸೆರಗು ಹೊದ್ದು ವೀರವ್ವನ ಮನೆಯ ದಾರಿ ಹಿಡಿದಳು.

ದೀಪ ಹಚ್ಚುವ ಹೊತ್ತಿಗೆ ಗುದ್ಲೆಪ್ಪ ಮಾಸ್ತರರು ಸ್ನಾನ ಮುಗಿಸಿ ಪಡಸಾಲೆಯಲ್ಲಿ ಪಾಟಿ ಹಿಡಿದು ಕುಳಿತಿದ್ದರು. ಎರಡು ಸಲ ಕದ್ದು ಅಂಕಿ ಹಾಕಿದರು, ಎರಡು ಸಲವೂ ಎಂಜಲು ಹಚ್ಚಿ ಒರೆಸಿದರು. ಮೂರನೆಯ ಸಲ ದೊಡ್ಡದಾಗಿ ಒಂದು ಅ ಬರೆದರು. ಅದರ ಪಕ್ಕದಲ್ಲಿ ಬ ಬರೆದರು. ಸುತ್ತ ಕಂಸ ಹಾಕಿದರು. ಬಳಪದ ತುದಿ ಕಚ್ಚುತ್ತ, ತಪ್ಪಾದರೆ ಮುಂದಿನ ವಾರ ಮಗಳು ಮತ್ತೆ ಬರುತ್ತಾಳೆಂದು ನೆನೆಯುತ್ತ ಬಹಳ ಹೊತ್ತು ಕುಳಿತು, ಇನ್ನೊಂದು ಸಾಲು ಬರೆದರು.

ಊಟಕ್ಕೆ ಕರೆಯಲು ಬಂದ ಹಾಲವ್ವ ಏನು ಬರೆಯುತ್ತಿದ್ದಾರೆಂದು ಬಗ್ಗಿ ನೋಡಿದಳು. ಹಾಲವ್ವನಿಗೆ ಓದು ಬರುತ್ತಿರಲಿಲ್ಲ. ಆದರೂ ಗುದ್ಲೆಪ್ಪ ಮಾಸ್ತರರು ಥಟ್ಟನೆ ಎಡಗೈ ಅಡ್ಡ ಇಟ್ಟು ಪಾಟಿಯನ್ನು ಮುಚ್ಚಿಕೊಂಡರು.